ಹಾಸ್ಲಿಂಗರನ ಇಟ್ಟಿಗೆ

ಎಗೊನ್ ಹಾಸ್ಲಿಂಗರ್ ಆ ದಿನವೂ ಪ್ಲಮ್ ಕೇಕಿನ ತಟ್ಟೆ ಹಿಡಿದುಕೊಂಡು ಬಂದ. ನಮ್ಮೂರಿನ ಬೇಕರಿ ಅವನದು. ಸ್ಮಾರಕದಲ್ಲಿ ಸೇವೆ ಮಾಡಲು ಬಂದಿದ್ದ ಹೊರದೇಶದ ಹುಡುಗ ಹುಡುಗಿಯರಿಗೆ ಹದಿನೈದು ದಿನದಿಂದ ಪುಕ್ಕಟೆ ತಿನ್ನಿಸುತ್ತಿದ್ದ. ಅಷ್ಟು ಧಾರಾಳದ ಮನುಷ್ಯನಲ್ಲ ಅವನು. ಅವನ ಹೊಟ್ಟೆಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು.

ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಶಿಬಿರದಲ್ಲಿ ಈಗ ಉಳಿದಿರುವುದು ಉದ್ದನೆಯ ಒಂದು ಇಟ್ಟಿಗೆ ಗೋಡೆ. ಅದೇ ಸ್ಮಾರಕ. ಇಪ್ಪತ್ತಾರು ವರ್ಷದಿಂದ ಅದರ ದುರಸ್ತಿ ನನ್ನ ಕೈಯಲ್ಲಿದೆ. ಒಳಮೈಯಲ್ಲಿ, ಮೊಣಕಾಲೆತ್ತರಕ್ಕೆ, ಮೊಳೆಯಿಂದ ಗೀಚಿದ ಹೆಸರೊಂದಿದೆ: ಲಿಪೋಟ್ ವಾದಾಸ್. ನನ್ನ ತಾತ. ಬುಡಾಪೆಸ್ಟಿನಿಂದ ಆಸ್ಟ್ರಿಯಾದ ಈ ಮೂಲೆಯವರೆಗೆ ಅವನನ್ನು ಕಾಲ್ನಡಿಗೆಯಲ್ಲೇ ಅಟ್ಟಿಕೊಂಡು ಬಂದರು. ಇಲ್ಲೇ ಸತ್ತ. ಬೇರೆ ಗೋರಿಯಿಲ್ಲ. ಹೊರಮೈಯಲ್ಲಿ, ಕಾವಲುಗಾರರು ನಿಲ್ಲುತ್ತಿದ್ದ ಕಡೆ, ಚಾಕುವಿನಿಂದ ಆರಾಮವಾಗಿ, ಅಂದವಾಗಿ ಕೆತ್ತಿದ ಇನ್ನೊಂದು ಹೆಸರು: ಫ್ಲೋರಿಯಾನ್ ಹಾಸ್ಲಿಂಗರ್, 1944. ಅವನು ಎಗೊನ್‌ನ ತಾತ, ಇಲ್ಲಿನ ಕಾವಲುಗಾರ. ಯುದ್ಧದಲ್ಲಿ ಆತ ರಷ್ಯಾದ ಕಡೆ ಸೈನಿಕರಿಗೆ ಅಡುಗೆ ಮಾಡುತ್ತಿದ್ದನೆಂದು ಆ ಮನೆಯವರು ಇವತ್ತಿಗೂ ಹೇಳುತ್ತಾರೆ.

ಹೆಸರಿದ್ದ ಎರಡೂ ಇಟ್ಟಿಗೆಗಳು ಪದರ ಪದರವಾಗಿ ಉದುರುತ್ತಿದ್ದವು. ಗಟ್ಟಿ ಮಾಡುವ ದ್ರಾವಣವನ್ನು ಸಿರಿಂಜಿನಿಂದ ಹನಿಹನಿಯಾಗಿ ಕುಡಿಸಬೇಕು. ಡಬ್ಬದಲ್ಲಿ ಉಳಿದದ್ದು ಒಂದಕ್ಕಾಗುವಷ್ಟು ಮಾತ್ರ. ಹೊಸ ಡಬ್ಬ ಬರುವುದು ಚಳಿಗಾಲ ಕಳೆದ ಮೇಲೆ. ಅಷ್ಟರಲ್ಲಿ ಹಿಮ ಇನ್ನೊಂದನ್ನು ಮುಗಿಸಿರುತ್ತದೆ.

“ಇದ್ರಲ್ಲಿ ಯೋಚ್ನೆ ಮಾಡೋದೇನಿದೆ ಆಗೊತಾ ಅವ್ರೇ?” ಎಂದ ಎಗೊನ್. “ನಿಮ್ ತಾತನ್ನ ಉಳಿಸ್ಕೊಳ್ಳಿ. ನಮ್ಮೋನ್ದು ತಾನಾಗೇ ಉದುರ್ಹೋಗ್ಲಿ. ನಾನೇನೂ ಬೇಜಾರ್ ಮಾಡ್ಕೊಳಲ್ಲ.”

“ಎಂಥಾ ದೊಡ್ಡ ಮನಸ್ಸಪ್ಪಾ ನಿಮ್ದು!”

“ಹಳೇದನ್ನ ಎಷ್ಟು ದಿನಾಂತ ಕೆದಕ್ತೀರ? ನಮ್ಮನೆ ಮಕ್ಕಳು ಮರಿ ಏನ್ ಪಾಪ ಮಾಡಿದಾವೆ?”

ಮಕ್ಕಳು ಮರಿಯಂತೆ! ತಾತನನ್ನು ಎಳೆದೊಯ್ದಾಗ ನನ್ನಮ್ಮ ಎರಡು ವರ್ಷದ ಕೂಸು.

ಪೋರ್ಚುಗಲ್ಲಿನ ಇನೇಸ್ ಸಿರಿಂಜ್ ತುಂಬಿಕೊಂಡು ತಾತನ ಇಟ್ಟಿಗೆಯ ಮುಂದೆ ಆಗಲೇ ಮಂಡಿಯೂರಿದ್ದಳು. ಸೇವೆಗೆ ಬಂದಿದ್ದ ಹತ್ತೊಂಬತ್ತರ ಹುಡುಗಿ. ಇಷ್ಟೂ ದಿನ ಮೆತ್ತನೆಯ ಕುಂಚದಿಂದ ಅದರ ಧೂಳು ತೆಗೆದವಳು ಅವಳೇ.

“ಏಳು. ಆಚೆ ಕಡೇದಕ್ಕೆ ಹಾಕು,” ಎಂದೆ.

“ಅವನಿಗಾ? ಇದು ನಿಮ್ ತಾತ ಅಲ್ವಾ!”

“ತಾತನ್ನ ನೆನೆಯೋಕೆ ನಾನಿದೀನಿ. ಆಚೆಯೋನ್ನ ಮರೆಯೋಕೆ ಇಡೀ ಊರೇ ಕಾಯ್ತಿದೆ.”

“ಫೋಟೋ ತೆಗೆದಿಟ್ರೆ ಸಾಕಾಗಲ್ವಾ?”

“ಫೋಟೋನ ಸುಳ್ಳು ಅಂತಾರೆ. ಗೋಡೇನ ಅನ್ಲಿ, ನೋಡೋಣ.”

ಅವಳು ಅಳುತ್ತಲೇ ಕೆಲಸ ಮಾಡಿದಳು. ಎಗೊನ್ ತಟ್ಟೆ ಹಿಡಿದು ಸಂಜೆಯವರೆಗೆ ನಿಂತೇ ಇದ್ದ. ಇಟ್ಟಿಗೆ ಕುಡಿದು ಕುಡಿದು ಕಡುಗೆಂಪಾಯಿತು, ಅಕ್ಷರಗಳು ಒಂದೊಂದಾಗಿ ಎದ್ದು ಕಂಡವು. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

“ಎಷ್ಟು ವರ್ಷ ಬರತ್ತೆ?” ಎಂದು ಕೇಳಿದ.

“ನೂರು.”

ಅವನ ಮುಖ ಬಿಳಿಚಿಕೊಂಡಿತು. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. “ಆಯ್ತು ಬಿಡಿ. ನೂರು ವರ್ಷ ಇಲ್ಲಿರೋನು ನಮ್ಮೋನೇ. ನಿಮ್ಮೋನು ಇನ್ನೊಂದ್ಸಲ ಸತ್ತ.”

ನಾನು ಖಾಲಿ ಡಬ್ಬದ ಮುಚ್ಚಳ ಬಿಗಿದೆ.

ಫೆಬ್ರವರಿಯಲ್ಲಿ ತಾತನ ಹೆಸರು ಉದುರಿತು. ಕೆಂಪು ಪುಡಿಯನ್ನು ಬೊಗಸೆಯಲ್ಲಿ ಹಿಡಿದು ಅಲ್ಲೇ ಕುಸಿದು ಕೂತೆ. ಗೋಳೋ ಎಂದು ಅತ್ತೆ. ಇಷ್ಟು ಸಂಕಟವಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಆಮೇಲೆ ಎದ್ದು ಗೋಡೆ ಸುತ್ತಿ ಆಚೆ ಹೋಗಿ, ಹಾಸ್ಲಿಂಗರನ ಹೆಸರಿಗೆ ಅಂಟಿದ್ದ ಹಿಮವನ್ನು ತೋಳಿನಿಂದ ಒರೆಸಿದೆ.

ಶಾಲೆ ಬಿಟ್ಟು ಬರುತ್ತಿದ್ದ ಎಗೊನ್‌ನ ಮೊಮ್ಮಗಳು ನಿಂತಳು. ಆರೇಳು ವರ್ಷವಿರಬೇಕು. ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು.

“ಇದು ನಮ್ಮನೆ ಹೆಸ್ರು!” ಎಂದು ಕುಣಿದಳು. “ಯಾಕಿದೆ ಇಲ್ಲಿ?”

ಪಾಪ ಎನ್ನಿಸಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಮನೆಗೆ ಹೋಗಿ ತಾತನ್ನ ಕೇಳು ಪುಟ್ಟಿ,” ಎಂದೆ.