ಮಾವ ಹೇಳಿದ ಎರಡು ಕತ್ತಿನ ಗಿಟಾರ್

ನನ್ನ ಮಗಳು ಹರ್ಷಿತಾಗೆ ಕಿವಿ ಚುಚ್ಚಿಸಿದ ದಿನ ನಮ್ಮಣ್ಣ ಕೆಂಪರಾಜು ಅವಳಿಗೊಂದು ಮಾತು ಕೊಟ್ಟ. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು. ಒಂದು ಕಿವಿ ಆಗುವಷ್ಟರಲ್ಲಿ ಮಗು ಮನೆ ಹಾರಿಹೋಗುವಂತೆ ಕೂಗಿತು. ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬಿಡಲೇ ಇಲ್ಲ. ಆಗ ಟೀವಿಯಲ್ಲಿ ಯಾರೋ ಎರಡು ಕತ್ತಿನ ಗಿಟಾರ್ ನುಡಿಸುತ್ತಿದ್ದರು. ಅಳುತ್ತಲೇ ಅದನ್ನು ನೋಡುತ್ತಿದ್ದಳು.

"ಅದು ಬೇಕಾ ಮಗಾ? ಆ ಕಿವಿ ಕೊಡು, ದೊಡ್ಡೋಳಾದ್ಮೇಲೆ ಅಂಥದ್ನೇ ಕೊಡಿಸ್ತೀನಿ. ನಿಮ್ಮಮ್ಮನಾಣೆ."

"ನನ್ನಾಣೆ ಯಾಕಣ್ಣ, ನಿನ್ನಾಣೆ ಇಡು" ಎಂದೆ ನಾನು. ಎಲ್ಲರೂ ನಕ್ಕರು. ಅವಳು ಕೈ ತೆಗೆದಳು.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅವರಪ್ಪ ತೀರಿಕೊಂಡರು. ನಾನು ಹೊಸೂರಿನ ಫ್ಯಾಕ್ಟರಿಗೆ ಸೇರಿದೆ. ಗಿಟಾರ್ ಕ್ಲಾಸ್ ಇದ್ದದ್ದು ಅವಲಪಲ್ಲಿಯಲ್ಲಿ, ಭಾನುವಾರ. ನನಗೆ ಭಾನುವಾರವೂ ಶಿಫ್ಟು. ಸಾನಮಾವು ಕಾಡಿನ ಹತ್ತಿರ ಗುಲಾಬಿ ಬೆಳೆಯುವ ಅಣ್ಣ, ಬೆಳಿಗ್ಗೆ ಹೂವನ್ನು ಮಾರುಕಟ್ಟೆಗೆ ಹಾಕಿ, ಅದೇ ಮೊಪೆಡ್‌ನಲ್ಲಿ ಇವಳನ್ನು ಕ್ಲಾಸಿಗೆ ಕರೆದೊಯ್ಯುತ್ತಿದ್ದ. ಮುಗಿಯುವವರೆಗೂ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಮನೆಗೆ ಬಂದಾಗ ಅವಳ ಲಂಗದಲ್ಲಿ ಗುಲಾಬಿ ಎಸಳು ಅಂಟಿರುತ್ತಿದ್ದವು. ತೋಟಕ್ಕೆ ಆನೆ ನುಗ್ಗಿದ ವಾರವೂ ಅವನು ತಪ್ಪಿಸಲಿಲ್ಲ. ಇದಕ್ಕೆಲ್ಲ ನಾನು ಒಂದು ಸಲವೂ ಉಪಕಾರವಾಯ್ತು ಅಂತ ಹೇಳಿದವಳಲ್ಲ. ಒಡಹುಟ್ಟಿದವರಲ್ಲಿ ಅದನ್ನೆಲ್ಲ ಬಾಯಿಬಿಟ್ಟು ಯಾರು ಹೇಳುತ್ತಾರೆ?

ಈ ವರ್ಷ ಅವಳು ಪ್ಲಸ್ ಟು, ಅಂದರೆ ಹನ್ನೆರಡನೇ ಕ್ಲಾಸು. ಶಾಲೆಯ ವಾರ್ಷಿಕೋತ್ಸವದಲ್ಲಿ ಒಬ್ಬಳೇ ನುಡಿಸಬೇಕಿತ್ತು. ಅವಳ ಹತ್ತಿರ ಇದ್ದ, ಯಾರೋ ಬಳಸಿ ಬಿಟ್ಟಿದ್ದ ಹಳೇ ಗಿಟಾರಿನ ಕತ್ತು ಬಾಗಿ, ಎಷ್ಟು ತಿರುಗಿಸಿದರೂ ಶ್ರುತಿ ನಿಲ್ಲುತ್ತಿರಲಿಲ್ಲ. ವಿಷಯ ಅಣ್ಣನ ಕಿವಿಗೆ ಬಿದ್ದದ್ದೇ ತಡ, "ನನ್ ಮಾತಿಗೆ ಈಗ ಟೈಮ್ ಬಂತು" ಎಂದು ಹಿಗ್ಗಿಹೋದ. ಹೊಸೂರಿನ ಗಿಟಾರ್ ಅಂಗಡಿಯ ನಂದೀಶ್‌ಗೆ ಹೇಳಿ ಬೆಂಗಳೂರಿನಿಂದ ಎರಡು ಕತ್ತಿನದೊಂದನ್ನು ತರಿಸಿಯೂ ಬಿಟ್ಟ. ಊರಿನಲ್ಲಂತೂ ಅವನು ಹೇಳದೆ ಬಿಟ್ಟವರಿಲ್ಲ.

ಅದು ಬಂದ ದಿನ ಅಣ್ಣ ಅವಳನ್ನು ಕರೆದುಕೊಂಡು ಹೋಗಿದ್ದ, ಶಿಫ್ಟ್ ಮುಗಿಸಿ ನಾನೂ ಸೀದಾ ಅಂಗಡಿಗೆ ಹೋದೆ. ನೋಡಲು ಚೆಂದವೇ. ಮೇಲಿನ ಕತ್ತಿಗೆ ಹನ್ನೆರಡು ತಂತಿ, ಕೆಳಗಿನದಕ್ಕೆ ಆರು. ಆದರೆ ಹೆಗಲಿಗೆ ಹಾಕಿಕೊಂಡ ಕೂಡಲೇ ಅವಳು ಒಂದು ಪಕ್ಕಕ್ಕೆ ವಾಲಿದಳು. ಕೂತರೆ ಅದು ತೊಡೆಯಿಂದ ಜಾರುತ್ತಿತ್ತು. ಕೆಳಗಿನ ತಂತಿ ಮೀಟಲು ಗಿಟಾರಿನ ಅಷ್ಟಗಲದ ಹೊಟ್ಟೆಯ ಮೇಲಿಂದ ಕೈ ಚಾಚಬೇಕಿತ್ತು.

"ಒಂದೇ ಹಾಡಲ್ಲಿ ಎರಡು ಥರದ ಸದ್ದು ಬೇಕು ಅನ್ನೋರಿಗೆ ಇದು" ಎಂದ ನಂದೀಶ್, ಮುಚ್ಚುಮರೆಯಿಲ್ಲದೆ. "ಹದಿನೆಂಟು ತಂತಿ ಶ್ರುತಿ ಮಾಡ್ಬೇಕು. ಇದರ ಅಳತೆಗೆ ಚೀಲ ಸಿಗೋದೂ ಕಷ್ಟ."

ಅವಳು ಕೆಳಗಿನದನ್ನು ನುಡಿಸಿದಳು. ಮೇಲಿನ ತಂತಿಗಳು ಯಾರೂ ಮುಟ್ಟದೆ ಗುಂಯ್‌ಗುಟ್ಟಿದವು.

"ಇದ್ಯಾಕಪ್ಪ ತನ್ಪಾಡಿಗೆ ತಾನು ಕೂಗ್ತದೆ?" ಎಂದ ಅಣ್ಣ.

"ಕೆಳಗಿಂದು ನುಡಿದ್ರೆ ಅದೂ ಅದುರುತ್ತೆ ಅಣ್ಣ. ಏನಾದ್ರೂ ಅದುಮಿ ಇಡ್ಬೇಕು" ಎಂದ ನಂದೀಶ್.

ಅಣ್ಣ ಅವಳ ಪಕ್ಕದಲ್ಲೇ ಕುಕ್ಕರಿಸಿ, ಮುಳ್ಳು ಗೀರಿದ ಅಂಗೈಯನ್ನು ಮೇಲಿನ ತಂತಿಗಳ ಮೇಲೆ ಒತ್ತಿದ. "ಈಗ ಬಾರ್ಸು."

ಗುಂಯ್ ನಿಂತಿತು.

"ಸ್ಟೇಜಿಗೂ ಬಂದು ಹಿಡ್ಕೋತೀಯಾ ಮಾವ?"

"ಹಿಡ್ಕೋತೀನಿ ಕಣಮ್ಮಿ, ಬಿಳೀ ಅಂಗಿ ಹಾಕ್ಕೊಂಡು."

ನಕ್ಕು ಸಾಕಾದ ಮೇಲೆ ಅವಳು, "ಚೆನ್ನಾಗೈತೆ ಮಾವ, ಇದೇ ಇರ್ಲಿ" ಎಂದಳು. ಆ ದನಿ ನನಗೆ ಗೊತ್ತು. ಪಾತ್ರೆಯಲ್ಲಿ ಅನ್ನ ಕಡಿಮೆ ಕಂಡಾಗ "ನಂಗೆ ಹಸಿವಿಲ್ಲಮ್ಮ" ಅನ್ನುವ ದನಿ. ಬೇಡ ಅಂದರೆ ಅಣ್ಣನ ಇಷ್ಟು ವರ್ಷದ ಮಾತು ಮಣ್ಣಾಗುತ್ತದೆ. ಸುಮ್ಮನಿದ್ದರೆ ಮಗು ಈ ಭಾರ ಹೊತ್ತು ಎಲ್ಲರೆದುರು ತಡವರಿಸುತ್ತದೆ.

ಅಣ್ಣ ಮೇಲೆದ್ದು ಗೋಡೆಯಲ್ಲಿ ನೇತುಹಾಕಿದ್ದ ಸಾಧಾರಣ ಗಿಟಾರೊಂದನ್ನು ತೋರಿಸಿದ. "ಅದನ್ನೊಂದ್ಸಲ ನುಡಿಸು ನೋಡಾನ."

ನುಡಿಸಿದಳು. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ.

"ಇದೇ ಕೊಡಪ್ಪ" ಎಂದ ಅಣ್ಣ.

"ಮಾವ! ಊರಿಗೆಲ್ಲ ಹೇಳ್ಬುಟ್ಟಿದ್ದೀಯ..."

"ಊರೋರು ಬಂದು ನುಡಿಸ್ತಾರಾ? ಆ ಮೆಟ್ಲ ಮೇಲೆ ಕೂತು ಕಿಟಕೀಲಿ ನೋಡ್ತಿದ್ದೋನು ನಾನು. ನಿಂಗೆ ಚೆನ್ನಾಗಿ ಬಂದಾಗ ಕಣ್ಣು ಮುಚ್ಕೋತೀಯ. ಇದ್ರಲ್ಲಿ ಮುಚ್ಕೊಂಡೆ. ಅದ್ರಲ್ಲಿ ಮುಚ್ಲಿಲ್ಲ." ಆಮೇಲೆ ತಲೆ ಕೆರೆದುಕೊಂಡು, "ಕಿವಿ ವಾಪಸ್ ಕೊಡು ಅಂತೀಯೇನೋ ಈಗ" ಎಂದ.

"ಆ ಕಿವಿ ನಿಂದೇ ಮಾವ, ಇಟ್ಕೋ" ಎಂದಳು. ಕಣ್ಣು ತುಂಬಿತ್ತು.

ವಾರ್ಷಿಕೋತ್ಸವದಲ್ಲಿ ಅವಳು ಮೊದಲಿಂದ ಕೊನೆಯವರೆಗೂ ಕಣ್ಣು ಮುಚ್ಚಿಕೊಂಡೇ ನುಡಿಸಿದಳು. ಅಣ್ಣ ಬಿಳೀ ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದ. ರಾತ್ರಿ ಶಿಫ್ಟಿನಲ್ಲಿ ನಿದ್ದೆಗೆಟ್ಟ ಕಣ್ಣು ಉರಿಯುತ್ತಿದ್ದರೂ ನನಗೆ ರೆಪ್ಪೆ ಮುಚ್ಚಲು ಮನಸ್ಸಾಗಲಿಲ್ಲ.

"ಅಣ್ಣಾ, ನೀನಿಲ್ದೆ ಹೋಗಿದ್ರೆ ಈ ಮಗು..." ಎಂದು ಶುರುಮಾಡಿದೆ.

"ಸುಮ್ಕಿರೇ, ಕೇಳ್ಸಲ್ಲ" ಎಂದ.

ಎರಡು ಕತ್ತಿನ ಗಿಟಾರ್ ಕೊಡಿಸುತ್ತೇನೆಂದು ಕೊಟ್ಟ ಮಾತನ್ನು ನಮ್ಮಣ್ಣ ನಡೆಸಲಿಲ್ಲ.