ಪ್ರಮೀಳಾ ಟೀಚರ್ ಹೇಳಿದ ಸಾಕ್ಷಿ

ಶಾಲಿನ ಜರಿ ಕತ್ತಿಗೆ ಚುಚ್ಚುತ್ತಿದೆ, ಚುಚ್ಚಲಿ, ಯಾರು ಕೇಳಿದ್ದರು ಈ ಶಾಲು, ಈ ಹಾರ, ಈ ಮೋಸಂಬಿ ಬುಟ್ಟಿ, ತುಮಕೂರಿನ ಬೇಸಿಗೆಗೆ ಸಭಾಭವನದ ತಗಡಿನ ಮಾಡು ಚಿಟಚಿಟ ಅನ್ನುತ್ತಿದೆ, ಹಿಂದಿನ ಬಾಗಿಲಿಂದ ಪಲಾವಿನ ವಾಸನೆ ಬರುತ್ತಿದೆ, ಮಿಷನ್ನಿನ ಕಾರ್ಯದರ್ಶಿ ಮೋಹನ್‌ಕುಮಾರ್ ಮೈಕು ಬಿಡುತ್ತಿಲ್ಲ — ಪ್ರಿಯರೇ, ನಮ್ಮ ಗುಬ್ಬಿಯ ಮಗಳು ಪ್ರಮೀಳಾ, ಕತ್ತಲೆಯ ಖಂಡಕ್ಕೆ ಬೆಳಕು ಹೊತ್ತುಕೊಂಡು ಹೋದ ಮಗಳು. ಕತ್ತಲೆಯ ಖಂಡವಂತೆ. ವೇದಿಕೆಯ ಮೇಲೆ ಕೂತಿದ್ದ ಪ್ರಮೀಳಾಳ ಕಾಲ್ಬೆರಳು ಚಪ್ಪಲಿಯೊಳಗೇ ಮಡಿಚಿಕೊಂಡವು. ಆಫ್ರಿಕಾದ ಮಲಾವಿಯಲ್ಲಿ, ಅವಳು ಲೆಕ್ಕ ಕಲಿಸುತ್ತಿದ್ದ ಆ ಸರೋವರದ ದಡದಲ್ಲಿ ಎಂಥ ಬೆಳಕಿರುತ್ತದೆ ಅಂತ ಈ ಮನುಷ್ಯನಿಗೆ ಚೆನ್ನಾಗಿ ಗೊತ್ತು, ಅಲ್ಲಿಗೆ ಬಂದಿದ್ದಷ್ಟು ದಿನವೂ ಕಪ್ಪು ಕನ್ನಡಕ ತೆಗೆಯಲಿಲ್ಲವಲ್ಲ. ಯಾರಿಗೆ ಬೆಳಕು? ಅವಳ ಅಜ್ಜಿ ಚಿಕ್ಕಮಾರಮ್ಮ ಹಾಗಲವಾಡಿಯಲ್ಲಿ ಹುಟ್ಟುವುದಕ್ಕೂ ಮುಂಚೆ, ಗುಬ್ಬಿಯ ಮಿಷನ್ ಮನೆಗೆ ಬಂದು ದೀಕ್ಷಾಸ್ನಾನ ತಗೊಳ್ಳುವುದಕ್ಕೂ ಎಷ್ಟೋ ಮುಂಚೆ, ಆ ಸರೋವರದ ಊರಿನವರು ಇಟ್ಟಿಗೆ ಸುಟ್ಟು ಚರ್ಚು ಕಟ್ಟಿದ್ದರು, ನಾಲ್ಕು ದನಿಯಲ್ಲಿ ಹಾಡುತ್ತಿದ್ದರು. ಅಲ್ಲಿಗೆ ದೇವರನ್ನು ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ, ಜಾಮಿಟ್ರಿ ಬಾಕ್ಸು ಹೊತ್ತುಕೊಂಡು ಹೋದರೆ ಸಾಕಾಗಿತ್ತು, ಅವಳು ಅದನ್ನೇ ಹೊತ್ತುಕೊಂಡು ಹೋದದ್ದು, ಜೊತೆಗೆ ಒಂದು ಚೀಲ ರಾಗಿಹಿಟ್ಟು — ಅಲ್ಲಿ ನೋಡಿದರೆ ಅವರೂ ಮುದ್ದೆಯವರೇ, ಮೆಕ್ಕೆಜೋಳದ ಬಿಳೀ ಮುದ್ದೆ, ಹಾಸ್ಟೆಲಿನ ಹುಡುಗಿಯರು ಇವಳ ಕರೀ ಮುದ್ದೆ ನೋಡಿ ಬಿದ್ದುಬಿದ್ದು ನಕ್ಕಿದ್ದರು, ಮೇಡಂ, ನಿಮ್ಮೂರಲ್ಲಿ ಮಣ್ಣು ತಿಂತಾರಾ. ಎಷ್ಟು ನಕ್ಕಿದ್ದಳು ಅವತ್ತು ಚಿಸೋಮೋ, ಕಣ್ಣಲ್ಲಿ ನೀರು ಬರುವಷ್ಟು, ಬೇಡ, ಈಗ ಅವಳ ನೆನಪು ಬೇಡ.

ಮುಂದಿನ ಸಾಲಲ್ಲಿ ಅಮ್ಮ, ರೇವಮ್ಮ, ಕನಕಾಂಬರದ ಬಣ್ಣದ ಸೀರೆ ಉಟ್ಟು ಕೂತಿದ್ದಾಳೆ, ಮಡಿಲಲ್ಲಿಟ್ಟ ಕೈಯನ್ನು ಮೆಲ್ಲಗೆ ಕೆಳಗೆ ಒತ್ತುತ್ತಿದ್ದಾಳೆ, ಸುಮ್ಮನಿರು ಅಂತ ಸನ್ನೆ. ಮರಳೂರಿನ ಮನೆಯಲ್ಲಿ ಬೆಳಿಗ್ಗೆಯಿಂದ ಅದೇ ಮಾತು, ಬಾಯ್ ಬಿಡ್ಬ್ಯಾಡ ಕಣೇ, ಕುಣಿಗಲ್ ಸ್ಕೂಲ್ ಕೊಡ್ತೀನಿ ಅಂದವ್ರೆ, ಎಡ್‌ಮಿಸ್ ಆಗಿ ನೆಮ್ದಿಯಾಗ್ ಕೂತ್ಕೊ, ಅಲ್ಲಿ ಆಗಿದ್ದು ಅಲ್ಲಿಗಾಯ್ತು ಬುಡು. ಆ ಸ್ಕೂಲನ್ನು ಅವಳು ಹೋದ ವಾರ ನೋಡಿ ಬಂದಳು, ನೋಡಬಾರದಿತ್ತು, ನೋಡಿದಮೇಲೆ ಬೇಕೆನಿಸಿತು — ಕೆರೆ ಕಡೆಯ ಗಾಳಿ, ಹೊಸದಾಗಿ ಕಪ್ಪು ಬಳಿದ ಬೋರ್ಡು, ಎರಡು ಜಡೆಯ ಒಬ್ಬಳು ಎದ್ದು ನಿಂತು ಮಿಸ್, ನೀವು ಸಿಂಹ ನೋಡಿದೀರಾ, ಇಲ್ಲ ಕಣೇ, ಸಿಂಹ ನೋಡಿಲ್ಲ, ನಿನ್ನಂಥ ತಲೆಹರಟೆಗಳನ್ನ ಬೇಕಾದಷ್ಟು ನೋಡಿದೀನಿ. ಇಡೀ ಕ್ಲಾಸು ಗೊಳ್ಳೆಂದಿತು. ಆ ನಗು ಕೇಳಿ ಅವಳ ಕೈ ತಾನಾಗಿ ಚಾಕ್‌ಪೀಸ್ ಹುಡುಕಿತ್ತು. ಅದೂ ಗೊತ್ತು ಮೋಹನ್‌ಕುಮಾರರಿಗೆ, ಟೀಚರನ್ನು ಯಾವುದರಿಂದ ಕಟ್ಟಿಹಾಕಬೇಕು ಅಂತ ಅವರಿಗೆ ಗೊತ್ತು, ಸನ್ಮಾನಕ್ಕೆ ಬನ್ನಿ ಮೇಡಂ, ಹಳೇದೆಲ್ಲ ಯಾಕೆ, ಜೂನಿಂದ ಕುಣಿಗಲ್‌ನಲ್ಲಿ ಜಾಯಿನ್ ಆಗಿ. ಈಗ ಮೈಕಿನಲ್ಲಿ ದನಿ ತೇವ ಮಾಡಿಕೊಂಡು ಹೇಳುತ್ತಿದ್ದಾರೆ, ಆ ದೇಶದ ಹವೆ ನಮ್ಮ ಸೋದರಿಗೆ ಒಗ್ಗಲಿಲ್ಲ, ಮಲೇರಿಯಾ ಮೇಲೆ ಮಲೇರಿಯಾ, ಕಡೆಗೆ ನಾವೇ ಪ್ರಾರ್ಥನೆ ಮಾಡಿ ವಾಪಸ್ ಕರೆಸಿಕೊಂಡೆವು — ಸುಳ್ಳ, ಸುಳ್ಳ, ಮಲೇರಿಯಾ ಬಂದದ್ದು ಹೋದ ಹೊಸತರಲ್ಲಿ ಒಂದೇ ಸಲ, ಜ್ವರದಲ್ಲೇ ಕಂಬಳಿ ಹೊದ್ದು ಪಾಠ ಮಾಡಿದ್ದಳು, ಆಮೇಲೆ ಒಂದು ನೆಗಡಿಯೂ ಇಲ್ಲ. ಒಗ್ಗದಿದ್ದದ್ದು ಹವೆ ಅಲ್ಲ ಸ್ವಾಮಿ.

ಒಗ್ಗದಿದ್ದದ್ದು ಚಿಸೋಮೋಳ ಹೊಟ್ಟೆ. ಚಿಸೋಮೋ ಅಂದರೆ ಅವರ ಭಾಷೆಯಲ್ಲಿ ಕೃಪೆ, ಕೊನೇ ವರ್ಷದ ಕ್ಲಾಸಿನಲ್ಲಿ ಅವಳಂಥ ಲೆಕ್ಕದ ತಲೆ ಇನ್ನೊಂದಿರಲಿಲ್ಲ, ಪ್ರಮೀಳಾ ಬೋರ್ಡಿನ ಮೇಲೆ ಉದ್ದಕ್ಕೆ ಬಿಡಿಸಿದ್ದನ್ನು ಅವಳು ಎದ್ದು ಬಂದು ಎರಡೇ ಸಾಲಲ್ಲಿ ಮುಗಿಸಿ ಚಾಕ್ ವಾಪಸ್ ಕೊಡುತ್ತಿದ್ದಳು, ಸಾರಿ ಮೇಡಂ, ಹೀಗೂ ಆಗುತ್ತೆ. ಅವಳು ಬಸುರಿ ಅಂತ ಗೊತ್ತಾದಾಗ, ಕಾರಣ ಮಿಷನ್ ಜೀಪಿನ ಡ್ರೈವರ್ ಅಂತ ಅವಳೇ ಅಳದೆ ಹೇಳಿದಾಗ, ಪರೀಕ್ಷೆ ಹತ್ತಿರವಿತ್ತು. ಪರೀಕ್ಷೆ ಬರೀತೀಯಾ ಅಂದಳು ಪ್ರಮೀಳಾ, ಬರೀತೀನಿ ಅಂದಳು ಹುಡುಗಿ, ಮುಗೀತಲ್ಲ, ಇನ್ನೇನು ಬೇಕು? ಡೆಸ್ಕಿಗೆ ಸೇರಿಸಿ ಹೊಡೆದ ಬೆಂಚಿನಲ್ಲಿ ಅವಳ ಹೊಟ್ಟೆ ಹಿಡಿಸುತ್ತಿರಲಿಲ್ಲ, ಪ್ರಮೀಳಾ ತನ್ನ ಕ್ವಾರ್ಟರ್ಸಿನಿಂದ ಇದ್ದೊಂದು ಬೆತ್ತದ ಕುರ್ಚಿ ತಂದು ಕಿಟಕಿ ಪಕ್ಕ ಹಾಕಿಕೊಟ್ಟಳು. ಅಷ್ಟರಲ್ಲಿ ಇನ್‌ಸ್ಪೆಕ್ಷನ್ನಿಗೆ ಮೋಹನ್‌ಕುಮಾರ್ ಬಂದರು. ಎಷ್ಟು ಖುಷಿಯಾಗಿತ್ತು ಅವಳಿಗೆ, ಥೂ, ಎದುರು ನಿಂತು ಕನ್ನಡ ಮಾತಾಡುವವರನ್ನು ನೋಡಿ ವರ್ಷಗಳಾಗಿತ್ತು, ಒಣ ಕರಿಬೇವು ಜೋಪಾನ ಮಾಡಿಟ್ಟಿದ್ದನ್ನು ಹಾಕಿ ಉಪ್ಪಿಟ್ಟು ಮಾಡಿದಳು, ಅವರು ತಿಂದರು, ಕೈ ತೊಳೆದರು, ಕ್ಲಾಸಿಗೆ ಬಂದರು, ಕುರ್ಚಿ ನೋಡಿದರು, ಹುಡುಗಿಯರಿಗೆ ತಿಳಿಯದಿರಲಿ ಅಂತ ಕನ್ನಡದಲ್ಲೇ, ನಗುತ್ತಾ, ಪ್ರಾರ್ಥನೆ ಮಾಡುವ ದನಿಯಲ್ಲೇ ಹೇಳಿದರು — ಇಂಥವ್ಳನ್ನ ಕೂರ್ಸ್ಕೊಂಡಿದೀರಲ್ಲ ಮೇಡಂ, ಮಿಷನ್ ಹೆಸ್ರು ಏನಾಗ್ಬೇಕು, ಇವತ್ತೇ ಹೊರಗ್ ಕಳ್ಸಿ. ಎಷ್ಟು ವರ್ಷ ಕಾದಿದ್ದಳು ಈ ಭಾಷೆ ಕಿವಿಗೆ ಬೀಳಲಿ ಅಂತ, ಬಿದ್ದದ್ದು ಇದು. ಮತ್ತೆ ಆ ಡ್ರೈವರ್, ಅವಳು ಕೇಳಿದಳು, ಅವನನ್ನೂ ಕಳಿಸ್ತೀರಾ. ಅದು ಬೇರೆ ವಿಷಯ ಮೇಡಂ, ಗಂಡಸ್ರುದ್ದು ವಿಚಾರಣೆ ಮಾಡ್ಬೇಕಾಗ್ತದೆ. ಅವರನ್ನು ಏರ್‌ಪೋರ್ಟಿಗೆ ಬಿಟ್ಟುಬಂದವನು ಅದೇ ಡ್ರೈವರ್, ಅದೇ ಜೀಪು! ಅವಳು ಹುಡುಗಿಯನ್ನು ಕಳಿಸಲಿಲ್ಲ, ಆಗೋಲ್ಲ ಅಂದಳು, ಕ್ಲಾಸಿನೆದುರೇ ಅಂದಳು, ಅದಕ್ಕೇ ಆ ವಾರವೇ ಅವಳ ಕೈಗೆ ವಾಪಸ್ ಟಿಕೆಟ್ಟು, ಅದಕ್ಕೇ ಈ ಮಲೇರಿಯಾ, ಈ ಮೋಸಂಬಿ.

ಈಗ ನಮ್ಮ ಸೋದರಿ ಎರಡು ಮಾತಲ್ಲಿ ಸಾಕ್ಷಿ ಹೇಳ್ತಾರೆ, ಅಂದರು ಮೈಕಿನಲ್ಲಿ ಮೋಹನ್‌ಕುಮಾರ್. ಸಾಕ್ಷಿ. ಹುಟ್ಟಿದಾಗಿಂದ ಕೇಳುತ್ತಾ ಬಂದ ಮಾತು, ಎದ್ದು ನಿಂತು ದೇವರು ನನಗೆ ಮಾಡಿದ ಉಪಕಾರ ಅಂತ ಶುರು ಮಾಡಿ ಸ್ತೋತ್ರ ಅಂತ ಮುಗಿಸುವುದು, ಎದ್ದಳು, ಶಾಲು ತೆಗೆದು ಮೇಜಿನ ಮೇಲಿಟ್ಟಳು, ಅಮ್ಮನ ಕೈ ಮಡಿಲಲ್ಲಿ ಇನ್ನೂ ಕೆಳಗೆ ಕೆಳಗೆ ಒತ್ತುತ್ತಿದೆ, ಕುಣಿಗಲ್ಲಿನ ಕಪ್ಪು ಬೋರ್ಡು ಕಣ್ಣ ಮುಂದೆ ಬಂದು ನಿಂತಿತು, ಹೋಯಿತು. ನಾನು ವಾಪಸ್ ಬಂದದ್ದು ಮಲೇರಿಯಾದಿಂದ ಅಲ್ಲ, ಅಂದಳು. ಸಭೆ ಮೆಲ್ಲಗೆ ನಕ್ಕಿತು, ತಮಾಷೆ ಅಂದುಕೊಂಡಿತು. ನನ್ನನ್ನ ತೆಗೆದುಹಾಕಿದರು, ತೆಗೆದವರು ಇಲ್ಲೇ ಕೂತಿದಾರೆ, ಅಂದಳು, ನಗು ನಿಂತಿತು, ಚಿಸೋಮೋ ಅಂತ ಒಬ್ಬಳು ಹುಡುಗಿ — ಅಷ್ಟರಲ್ಲಿ ಮೈಕು ಸತ್ತಿತು, ಮೋಹನ್‌ಕುಮಾರರ ಬೆರಳು ಯಾರಿಗೋ ಸನ್ನೆ ಮಾಡಿ ಕೆಳಗಿಳಿದದ್ದನ್ನು ಅವಳು ನೋಡಿದಳು, ನಗು ಬಂತು, ತಗಡಿನ ಮೇಲೆ ಮಳೆ ಬಡಿಯುವಾಗ ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವಂತೆ ಪಾಠ ಮಾಡಿದವಳಿಗೆ ಮೈಕು ಯಾತಕ್ಕೆ, ದನಿ ಏರಿಸಿದಳು, ಡ್ರೈವರ್, ಜೀಪು, ಕುರ್ಚಿ, ಒಂದೂ ಬಿಡದೆ. ಮೇಡಂ ಸಾಕು ಮೇಡಂ, ಊಟಕ್ಕೆ ಲೇಟಾಗ್ತದೆ, ಮೋಹನ್‌ಕುಮಾರ್ ಬಂದು ಮೊಣಕೈ ಹಿಡಿದರು, ಕೊಡವಿದಳು, ಮುಟ್ಟಬೇಡಿ. ಸಭಾಪಾಲಕರು ತಲೆ ತಗ್ಗಿಸಿದ್ದಾರೆ, ಹಿಂದಿನ ಸಾಲಿನವರು ಪಲಾವಿನ ಕಡೆ ಎದ್ದರು, ಅರ್ಧದಷ್ಟು ಜನ ಎದ್ದರು, ಅಮ್ಮನೂ ಎದ್ದಳು — ಹೋಗುತ್ತಾಳೆ, ಹೋಗಲಿ — ಅಮ್ಮ ಹೋಗಲಿಲ್ಲ, ನಿಂತಲ್ಲೇ ಗಟ್ಟಿಯಾಗಿ ಕೇಳಿದಳು, ಅಯ್ಯೋ, ಆಮೇಲ್ ಆ ಹುಡ್ಗಿ ಏನಾದ್ಲೇ?

ಏನಾದಳು. ಪರೀಕ್ಷೆ ಬರೆದಳಾ, ಹೆತ್ತಳಾ, ಬದುಕಿದಳಾ, ಬರೆದ ಕಾಗದಕ್ಕೆ ಉತ್ತರವಿಲ್ಲ, ಫೋನಿಗೆ ಉತ್ತರವಿಲ್ಲ, ಸಭೆ ಅವಳ ಬಾಯನ್ನೇ ನೋಡುತ್ತಿದೆ, ಅವಳಿಗೆ ಗೊತ್ತಿರುವುದು ಅವತ್ತಿನದೊಂದೇ, ಕನ್ನಡ ಬಾರದ ಹುಡುಗಿಗೆ ಆ ಕನ್ನಡ ಪೂರ್ತಿ ಅರ್ಥವಾಗಿತ್ತು, ಪುಸ್ತಕ ಮುಚ್ಚಿದಳು, ಎದ್ದಳು, ಕುರ್ಚಿಗೆ ಕೈ ಹಾಕಿದಳು, ಬಿಡು ಅದನ್ನ, ನೀನು ಹೋಗಬೇಡ, ಕೂತ್ಕೋ ಅಂದರೂ ಕೇಳಲಿಲ್ಲ, ಇದು ನಿಮ್ಮದು ಮೇಡಂ, ರಾತ್ರಿ ಊಟಕ್ಕೆ ಎಲ್ಲಿ ಕೂರ್ತೀರಿ — ಕೆಂಪು ಮಣ್ಣಿನ ಮೈದಾನ, ಎಲ್ಲ ಕಿಟಕಿಗಳಲ್ಲೂ ಮುಖಗಳು, ಮಧ್ಯದಲ್ಲಿ ಅವಳು, ಬೆನ್ನು ನೆಟ್ಟಗೆ, ಒಂದು ಕೈ ಹೊಟ್ಟೆಯ ಮೇಲೆ, ತಲೆಯ ಮೇಲೆ ಬೆತ್ತದ ಕುರ್ಚಿ, ಕಾಲು ಮೇಲಾಗಿ, ಟೀಚರ ಕ್ವಾರ್ಟರ್ಸಿನ ಕಡೆಗೆ, ತಿರುಗಿ ನೋಡದೆ ನಡೆಯುತ್ತಿದ್ದಾಳೆ, ನಡೆಯುತ್ತಿದ್ದಾಳೆ, ತಲೆಯ ಮೇಲೆ ಕುರ್ಚಿ, ಕುರ್ಚಿಯ ನಾಲ್ಕು ಕಾಲೂ ಆಕಾಶಕ್ಕೆ —