ಟೈರಿನ ಜೊತೆ ಬಂದ ಗಂಡ

ಮದುವೆಯಾಗಿ ಅರ್ಧ ವರ್ಷವಾಗಿದ್ದರೂ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ದಿಂಬು. ಎರಡನೆಯದರ ಅಗತ್ಯವೇ ಬಿದ್ದಿರಲಿಲ್ಲ. ನಾನೂ ನನ್ನ ಗಂಡನೂ ಒಂದೇ ವಿಮಾನ ಕಂಪನಿಯಲ್ಲಿ ಪ್ರಯಾಣಿಕರ ಬೇಕುಬೇಡ ನೋಡಿಕೊಳ್ಳುವವರು. ನಾನು ಮನೆಗೆ ಬಂದಾಗ ಅವನು ಆಕಾಶದಲ್ಲಿ, ಅವನು ಬಂದಾಗ ನಾನು. ಎಷ್ಟೋ ಸಲ ನಾನು ಮಲಗುವಾಗ ದಿಂಬು ಇನ್ನೂ ಬೆಚ್ಚಗಿರುತ್ತಿತ್ತು. ಅದೇ ನಮ್ಮ ದಾಂಪತ್ಯ.

ಆವತ್ತು ಮಾತ್ರ ಅದೃಷ್ಟ ಖುಲಾಯಿಸಿತ್ತು. ಅವನಿಗೆ ಬೆಳಗ್ಗೆಯಿಂದ ನಿಲ್ದಾಣದಲ್ಲಿ ಸ್ಟ್ಯಾಂಡ್‌ಬೈ. ಅಂದರೆ, ಯಾರಾದರೂ ಕೈಕೊಟ್ಟರೆ ಓಡಲು ಯೂನಿಫಾರಂ ಹಾಕಿಕೊಂಡು ಸಿದ್ಧವಾಗಿ ಕೂತಿರುವುದು. ಯಾರೂ ಕರೆಯದಿದ್ದರೆ ಸಂಜೆ ಮನೆಗೆ. ಹಿಂದಿನ ರಾತ್ರಿ ಬೇರೆ ಊರಲ್ಲಿ ತಂಗಿದ್ದ ನಾನೂ ಮಧ್ಯಾಹ್ನದ ವಿಮಾನದಲ್ಲಿ ಹೊರಟು ಸಂಜೆಗೆ ಮನೆ ಸೇರುವವಳು. ಮರುದಿನ ಇಬ್ಬರಿಗೂ ರಜೆ. ವಿಮಾನ ಹಾರುವ ಮೊದಲೇ ನನ್ನ ಕಾಲು ನೆಲದ ಮೇಲಿರಲಿಲ್ಲ.

ಇನ್ನೇನು ಜನರನ್ನು ಹತ್ತಿಸಬೇಕು, ಟೈರೊಂದು ಹಾಳಾಗಿದೆ ಎಂದರು. ಆ ಊರಲ್ಲಿ ಬೇರೆ ಟೈರಿಲ್ಲ, ನಮ್ಮೂರಿಂದ ಇನ್ನೊಂದು ವಿಮಾನದಲ್ಲಿ ಬರಬೇಕು. ಕಾದೆವು. ನಮ್ಮ ಕೆಲಸಕ್ಕೆ ಗಡಿಯಾರದ ಕಟ್ಟುಪಾಡಿದೆ. ಇಷ್ಟು ಗಂಟೆ ದಾಟಿದ ಮೇಲೆ, ನೀವು ಕುಣಿದಾಡುವಷ್ಟು ಚುರುಕಾಗಿದ್ದರೂ ವಿಮಾನದಲ್ಲಿ ಕೆಲಸ ಮಾಡುವಂತಿಲ್ಲ. ತುರ್ತು ಬಾಗಿಲು ತೆರೆಯಬೇಕಾದಾಗ ದಣಿದ ಕೈ ತಡವರಿಸಬಾರದಲ್ಲ. ನಿಯಮ ಒಳ್ಳೆಯದೇ. ಆವತ್ತು ಮಾತ್ರ ಅದನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸಿತು.

"ನಮ್ಮ ಟೈಮ್ ಮುಗೀತು ಕಣೇ," ಎಂದರು ನಮ್ಮ ತಂಡದ ಮುಖ್ಯಸ್ಥೆ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. "ಬೇರೆಯವರು ಬರ್ತಿದ್ದಾರೆ. ನಾವು ಪ್ಯಾಸೆಂಜರ್ ಥರ ಕೂತ್ಕೊಂಡು ಹೋಗೋದು."

"ಹೇಗೋ ಹೋದ್ರೆ ಸಾಕು ಬಿಡಿ ಅಕ್ಕಾ," ಎಂದೆ.

ಟೈರು ಬಂತು. ಅದೇ ವಿಮಾನದಲ್ಲಿ ಹೊಸ ತಂಡವೂ ಬಂತು. ತಂಡದಲ್ಲಿ ನನ್ನ ಗಂಡನೂ ಇದ್ದ.

"ನೀನ್ಯಾಕೋ ಬಂದೆ?"

"ಕರೆದ್ರು, ಬಂದೆ," ಎಂದ ಮುಖ ಸಪ್ಪಗೆ ಮಾಡಿಕೊಂಡು. "ನಿನ್ನನ್ನ ನಮ್ಮೂರಲ್ಲಿ ಇಳಿಸಿ, ಇದೇ ವಿಮಾನದಲ್ಲಿ ಮುಂದಿನ ಊರಿಗೆ ಹೋಗ್ಬೇಕು. ರಾತ್ರಿ ಅಲ್ಲೇ."

"ಬೆಳಗ್ಗೆಯಿಂದ ಕೂತಿದ್ದು ಲೆಕ್ಕಕ್ಕಿಲ್ವಾ?"

"ಇದೆ. ಇಳಿಯೋದು ಒಂದು ಕಾಲು ಗಂಟೆ ತಡವಾದ್ರೆ ನನ್ನ ಟೈಮೂ ಮುಗಿಯುತ್ತೆ, ಮನೆಗೆ ಬರಬಹುದು. ಸರಿಯಾಗಿ ಇಳಿದ್ರೆ ಹೋಗ್ಲೇಬೇಕು."

ಮಧ್ಯಾಹ್ನವೆಲ್ಲ ಬೇಗ ಹೊರಡಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದವಳು ಈಗ ಅದೇ ದೇವರುಗಳಿಗೆ ಉಲ್ಟಾ ಬೇಡಿಕೆ ಇಟ್ಟು, ಅಕ್ಕನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದು ಕುಳಿತೆ.

ಗಂಡನನ್ನು ಕೆಲಸದಲ್ಲಿ ನೋಡಿದ್ದು ಅದೇ ಮೊದಲು. ಸುರಕ್ಷತೆಯ ಪಾಠ ತೋರಿಸಲು ನಮ್ಮೆದುರಿಗೇ ನಿಂತ. ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಲೈಫ್ ಜಾಕೆಟ್ಟನ್ನು ಹಿಂದುಮುಂದಾಗಿ ತೊಟ್ಟುಕೊಂಡ. ಅಕ್ಕ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಅವನು ಬಿಚ್ಚಿ, ಸರಿಯಾಗಿ ತೊಟ್ಟು, ಮತ್ತೆ ತೋರಿಸಿದ.

ಮೇಲೇರಿದ ಮೇಲೆ ಗುಂಡಿ ಒತ್ತಿ ಕರೆದೆ.

"ಹೇಳಿ ಮೇಡಂ."

"ನೀರು."

ತಂದುಕೊಟ್ಟ. ಕುಡಿದು ಮತ್ತೆ ಒತ್ತಿದೆ.

"ಹೇಳಿ ಮೇಡಂ."

"ಏನಿಲ್ಲ, ಮುಖ ನೋಡೋಣ ಅಂತ."

ಅವನ ಕಿವಿ ಕೆಂಪಾಯಿತು. ಮೂರನೆಯ ಸಲ ಕೈ ಎತ್ತುವಷ್ಟರಲ್ಲಿ ಅಕ್ಕ ಮೆಲ್ಲಗೆ ಏಟು ಕೊಟ್ಟರು. "ಪಾಪ, ಕೆಲಸ ಮಾಡ್ಲಿ ಬಿಡೆ."

ವಿಮಾನವನ್ನು ತಡಮಾಡಿಸುವ ದಾರಿಗಳು ನನಗೆ ಗೊತ್ತಿಲ್ಲವೇ? ಇಳಿಯುವ ಹೊತ್ತಿಗೆ ಶೌಚಾಲಯ ಹೊಕ್ಕು ಚಿಲಕ ಹಾಕಿಕೊಂಡವರನ್ನು ನಾನೇ ಎಷ್ಟು ಬೈದಿಲ್ಲ. ಬಾಗಿಲನ್ನು ಆಸೆಯಿಂದ ಒಮ್ಮೆ ನೋಡಿದೆ. ಆದರೆ ಬಂದು ಬಾಗಿಲು ಬಡಿಯಬೇಕಾದವನು ನನ್ನ ಗಂಡನೇ. ಎದ್ದು ಹೋಗಲಿಲ್ಲ.

ಆಗ ಕ್ಯಾಪ್ಟನ್ ಧ್ವನಿ ಬಂತು. ಇಳಿಯಲು ಸಾಲು ಇದೆ, ಸ್ವಲ್ಪ ಹೊತ್ತು ಮೇಲೆಯೇ ಸುತ್ತಬೇಕು, ಕ್ಷಮಿಸಿ. ವಿಮಾನವಿಡೀ ಗೊಣಗಿತು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ. ಮುಂದಿನ ಸೀಟಿನವರು ತಿರುಗಿ, ಇವಳಿಗೇನು ತಲೆಗಿಲೆ ಕೆಟ್ಟಿದೆಯಾ ಎನ್ನುವಂತೆ ನೋಡಿದರು. ನಮ್ಮ ಕಡೆ ಮುಖ ಮಾಡಿ ಕೂತಿದ್ದ ಗಂಡ ತುಟಿ ಕಚ್ಚಿಕೊಂಡು ಸೂರು ನೋಡುತ್ತಿದ್ದ. ಕೆಳಗೆ ನಮ್ಮೂರು ಸುತ್ತಿ ಸುತ್ತಿ ಕಾಣಿಸಿತು, ಕಂಡಾಗಲೆಲ್ಲ ಕೈಬೀಸಿದೆ.

ಇಳಿದೆವು. ಬಾಗಿಲಲ್ಲಿ ನಿಂತು ಅವನು ಎಲ್ಲರಿಗೂ ಹೇಳಿದಂತೆ ನನಗೂ ಹೇಳಿದ. "ಧನ್ಯವಾದ ಮೇಡಂ, ಮತ್ತೆ ಬನ್ನಿ."

ನಾನು ಮೆಟ್ಟಿಲ ಕೆಳಗೆ ನಿಂತುಬಿಟ್ಟೆ. ನಿಲ್ದಾಣದ ಅಧಿಕಾರಿ ಹತ್ತಿಹೋದರು, ಗಡಿಯಾರ ನೋಡಿದರು, ಫೋನಿನಲ್ಲಿ ಯಾರನ್ನೋ ಕೇಳಿದರು.

"ನಿಮ್ಮ ಟೈಮ್ ದಾಟಿದೆ," ಎಂದರು ಕೊನೆಗೆ ನನ್ನ ಗಂಡನಿಗೆ. "ಬೇರೆಯವರನ್ನ ಕರೆಸ್ತೀನಿ. ನೀವು ಹೋಗಿ ರೆಸ್ಟ್ ಮಾಡಿ."

ಯಾರ ಗಂಡನನ್ನು ಎಬ್ಬಿಸಿ ಕಳಿಸಿದರೋ, ಪಾಪ. ಅವಳಿಗಾಗಿ ಒಂದು ಕ್ಷಣ ಮರುಗಿದೆ. ಒಂದೇ ಕ್ಷಣ.

ಮನೆಯ ತಿರುವಿನಲ್ಲಿ ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಪೆಟ್ಟಿಗೆಗಳನ್ನು ದರದರ ಎಳೆದುಕೊಂಡು ಓಡಿದೆವು. ಹಾಸಿಗೆ ಅಂಗಡಿಯವನು ಷಟರ್ ಅರ್ಧ ಎಳೆದಿದ್ದ.

"ದಿಂಬು ಬೇಕಿತ್ತು," ಎಂದೆ ಏದುಸಿರು ಬಿಡುತ್ತ. "ಒಂದು."

ಅಂಗಡಿಯವನು ನಮ್ಮಿಬ್ಬರ ಯೂನಿಫಾರಂ ನೋಡಿದ. "ಒಂದೇ ಸಾಕಾ?"

"ಇನ್ನೊಂದು ಮನೇಲಿದೆ," ಎಂದ ನನ್ನ ಗಂಡ, ಹೊಸದನ್ನು ಎದೆಗೆ ಅವಚಿಕೊಂಡು.

ಅವನು ನಸುಕಿನಲ್ಲೇ ಬಿಟ್ಟುಹೋದ ಹಳೇ ದಿಂಬು ಆ ರಾತ್ರಿ ತಣ್ಣಗಿತ್ತು. ಅದು ತಣ್ಣಗಿದ್ದುದಕ್ಕೆ ನನಗೆ ಆದಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.